ಸನ್ಮಾನ ಮತ್ತು ಮೀನಖಂಡ

ಮೂವತ್ತು ವರ್ಷ ಮಕ್ಕಳಿಗೆ ಹೃದಯದ ಪಾಠ ಮಾಡಿದ ನಾನು ನನ್ನದೇ ಸನ್ಮಾನದ ವೇದಿಕೆಯಲ್ಲಿ ಮೂರ್ಛೆ ಹೋದೆ. ಒಂದು ಸಲವಲ್ಲ, ಎರಡು ಸಲ. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹೃದಯವೆಂದರೆ ನಮ್ಮ ಜನಕ್ಕೆ ದಾನಶೂರ. ನಿಜ ಹೇಳಬೇಕೆಂದರೆ ಅದು ಬಂದದ್ದನ್ನಷ್ಟೇ ಮುಂದೆ ದೂಡುವ ಆಸಾಮಿ. ಅಭಿಧಮನಿಗಳಿಂದ ಎಷ್ಟು ರಕ್ತ ಮರಳಿ ಬಂತೋ ಅಷ್ಟನ್ನೇ ಹೊರಗೆ ಕಳಿಸುತ್ತದೆ. ಹೆಚ್ಚು ಬಂದರೆ ಹಿಗ್ಗಿ ಜೋರಾಗಿ ಒತ್ತುತ್ತದೆ. ಕಡಿಮೆ ಬಂದರೆ ಬಡಬಡ ಬಡಿದುಕೊಂಡು ಕೆಲಸ ತೋರಿಸುತ್ತದೆ. ಇಂಥವರನ್ನು ನೀವು ಕಚೇರಿಗಳಲ್ಲಿ ನೋಡಿರುತ್ತೀರಿ. ಕಾಲಿನ ರಕ್ತವನ್ನು ಮೇಲಕ್ಕೇರಿಸುವ ದುಡಿಮೆ ಮಾತ್ರ ಮೀನಖಂಡದ್ದು. ನಾವು ನಡೆದಾಗ ಆ ಸ್ನಾಯು ರಕ್ತನಾಳವನ್ನು ಹಿಂಡುತ್ತದೆ. ಒಳಗಿನ ಕವಾಟಗಳು ಏರಿದ ರಕ್ತವನ್ನು ಇಳಿಯಗೊಡುವುದಿಲ್ಲ. ಅಲುಗಾಡದೆ ನಿಂತರೆ ಈ ಕೆಲಸ ಬಂದ್, ತಲೆಗೆ ರಕ್ತದ ಬರ.

ಅಲುಗಾಡದೆ ನಿಲ್ಲಿಸುವುದಕ್ಕೇ ನಮ್ಮಲ್ಲಿ ಸನ್ಮಾನ ಎನ್ನುತ್ತಾರೆ. ನಾನು ನಿವೃತ್ತನಾದ ವಾರಕ್ಕೆ, ಅಫಜಲಪುರ ಕಡೆಯ ನಮ್ಮ ಹೈಸ್ಕೂಲಿನ ತಗಡಿನ ಶೆಡ್ಡಿನಲ್ಲಿ, ಮಾರ್ಚ್ ತಿಂಗಳ ಬಿಸಿಲಲ್ಲಿ ಅದು ನಡೆಯಿತು. ನಡೆಸಿದವನು ಹಳೆಯ ವಿದ್ಯಾರ್ಥಿ ಮಲ್ಲಣ್ಣ. ಒಂಬತ್ತನೆಯ ತರಗತಿಯಲ್ಲಿ ಹೃದಯಕ್ಕೆ ಐದು ಕೋಣೆ ಬರೆದು, "ಒಂದು ಬೀಗರಿಗಿರ್ಲಿ ಸರ್" ಎಂದಿದ್ದವನು. ಅವನು ನನ್ನ ತಲೆಗೆ ರುಮಾಲು ಸುತ್ತಿಸಿ, ಎರಡೂ ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, "ಹಿಂಗಽ ನಿಂದರ್ರಿ ಸರ್, ಅಲಗಾಡಿದ್ರ ಫೋಟೊ ಕೆಡ್ತದ" ಎಂದು ಬಿನ್ನವತ್ತಳೆ ಓದತೊಡಗಿದ. ಆಳಂದದಲ್ಲಿ ಮಾಡಿದ ಸೇವೆ, ಜೇವರ್ಗಿಯಲ್ಲಿ ಮಾಡಿದ ಸೇವೆ, ನನಗೇ ನೆನಪಿಲ್ಲದ ಸೇವೆ. ಹಿಮ್ಮಡಿ ಎತ್ತಿ ಇಳಿಸಿದರೆ ಸಾಕೆಂದು ನನಗೆ ಗೊತ್ತಿತ್ತು. ಒಮ್ಮೆ ಎತ್ತಿದೆ ಕೂಡ. ಮುಂದಿನ ಸಾಲಿನಲ್ಲಿದ್ದ ಹೆಂಡತಿ ಕಣ್ಣು ದೊಡ್ಡದು ಮಾಡಿದಳು. ಹೊಗಳಿಕೆಗೆ ಕುಣಿಯುತ್ತಾನೆ ಎಂದು ಜನ ನಕ್ಕಾರೆಂದು ನಾನೂ ಕಂಬವಾದೆ. ಜೇವರ್ಗಿ ಮುಗಿಯುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು.

ಬಿದ್ದದ್ದು ಒಳ್ಳೆಯದೇ. ಮಲಗಿದವನಿಗೆ ರಕ್ತ ಏರಬೇಕಾದ ಎತ್ತರವೇ ಇರುವುದಿಲ್ಲ. ಆದರೆ ಸನ್ಮಾನಿತರು ನೆಲದ ಮೇಲೆ ಮಲಗುವುದು ಕಾರ್ಯಕ್ರಮದ ಪಟ್ಟಿಯಲ್ಲಿರಲಿಲ್ಲ. "ಸರ್ ಭಾಳ ಭಾವುಕರಾಗ್ಯಾರ" ಎಂದು ಮಲ್ಲಣ್ಣ ಮೈಕಿನಲ್ಲಿ ಸಾರಿದ. ನಾಲ್ವರು ನನ್ನನ್ನೆತ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರು. ಮತ್ತೆ ಕತ್ತಲೆ, ಮತ್ತೆ ಜಾರಿ ಬಿದ್ದೆ. ಪುನಃ ಎತ್ತಲು ಬಂದರು. ಮಲಗಲು ಬಿಡಿರಪ್ಪಾ ಎನ್ನಲು ನಾಲಿಗೆ ಹೊರಳಲಿಲ್ಲ. ಆಗ ನಿಜಕ್ಕೂ ಹೆದರಿದೆ. ಹೃದಯ ಗಟ್ಟಿಯಿದ್ದೂ ಬರೀ ಮರ್ಯಾದೆಯಿಂದ ಸಾಯುತ್ತೇನೆ ಎನ್ನಿಸಿತು.

ಅಷ್ಟರಲ್ಲಿ ಬಿಸಿಯೂಟದ ಅಡುಗೆ ಮಾಡುವ ಖಾಜಾಬಿ ಸೆರಗಿಗೆ ಕೈ ಒರೆಸುತ್ತ ವೇದಿಕೆ ಹತ್ತಿದಳು. "ಅತ್ತಾಗ ಸರೀರಿ. ಮಲ್ಕೊಳಾಕ ಬಿಡ್ರಿ ಅವರಿಗಿ" ಎಂದವಳೇ ನನ್ನ ಎರಡೂ ಕಾಲೆತ್ತಿ ಹಣ್ಣಿನ ಬುಟ್ಟಿಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ತಗಡು ಕಂಡಿತು, ಹೆಂಡತಿ ಕಂಡಳು, ನಾಲಿಗೆ ತಿರುಗಿತು.

"ನಿನಗ ಹೆಂಗ ಗೊತ್ತು ಖಾಜಾಬಿ?" ಎಂದೆ.

"ಒಲಿ ಮುಂದ ನಿಂತು ನಿಂತು ನಾನೂ ಬಿದ್ದೇನ್ರಿ ಸರ್. ನನಗ ಎಬ್ಬಸಾಕ ಯಾರೂ ಬರಲಿಲ್ಲ. ಅದಕ್ಕಽ ಉಳದೆ."

ಮಲ್ಲಣ್ಣನ ಕಣ್ಣು ತುಂಬಿದವು. ಒಳ್ಳೆಯ ಹುಡುಗ, ಆದರೆ ಕಣ್ಣು ತುಂಬಿದ ಕೂಡಲೇ ಮೈಕು ಹಿಡಿಯುತ್ತಾನೆ. "ಸರ್ ಜೀವ ಉಳಿಸಿದ ಖಾಜಾಬಿಗೂ ಈಗಽ ಸನ್ಮಾನ. ಬಾ ಬೇ, ಇಲ್ಲಿ ನಿಂದ್ರು" ಎಂದ.

ಖಾಜಾಬಿ ಕುರ್ಚಿ ಎಳೆದುಕೊಂಡು ಕೂತು, ಕಾಲು ಚಾಚಿ, "ಹೂಂ, ಓದ್ರಿ" ಎಂದಳು.

ಮಲ್ಲಣ್ಣ ಬಿನ್ನವತ್ತಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಕೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.