ಕೋಣೆ ಇಲ್ಲದ ಕಿಟಕಿ

ಆಗಿನ್ನೂ ಪಾಲೋ ಆಲ್ಟೋಗೆ ಒಂದು ಗಂಟೆ ದಾರಿಯ ಡಬ್ಲಿನ್‌ನ ನಮ್ಮ ಕಡೆಯ ಗುಡ್ಡಗಳ ಮೇಲೆ ಮನೆಗಳಿಗಿಂತ ಒಣಹುಲ್ಲೇ ಹೆಚ್ಚಿತ್ತು. ನಾವಿದ್ದ ಟೌನ್‌ಹೌಸ್ ಸಾಲನ್ನು ಯಾರೋ ಬಿಲ್ಡರ್ ಹಳೆಯ ಇಂಗ್ಲಿಷ್ ಊರುಗಳ ಜಾರ್ಜಿಯನ್ ಮನೆಗಳ ಮಾದರಿಯಲ್ಲಿ ಕಟ್ಟಿಸಿದ್ದ. ಕೆಂಪು ಇಟ್ಟಿಗೆಯ ಮುಖ, ಗೋಡೆಗೆ ಗೋಡೆ ಅಂಟಿದ ಮನೆಗಳು, ಅಳತೆಯಿಟ್ಟು ಜೋಡಿಸಿದ ಬಿಳಿ ಚೌಕಟ್ಟಿನ ಕಿಟಕಿಗಳು. ನಮ್ಮ ಬಾಗಿಲ ಮೇಲಿನ ಕಿಟಕಿಗೆ ಮಾತ್ರ ಒಳಗೆ ಕೋಣೆಯೇ ಇರಲಿಲ್ಲ. ಸಾಲಿನ ಅಂದ ಕೆಡಬಾರದೆಂದು ಗಾಜು ಕೂರಿಸಿ ಹಿಂದೆ ಕಪ್ಪು ಹಲಗೆ ಹೊಡೆದಿದ್ದರು.

ಅದನ್ನು ಕಂಡುಹಿಡಿದವಳು ಅಜ್ಜಿ. ಅಮ್ಮನ ಬಾಣಂತನಕ್ಕೆಂದು ಮಂಡ್ಯದ ಕಡೆಯ ಹಳ್ಳಿಯಿಂದ ಬಂದಿದ್ದಳು. ನಾನು ಎರಡನೇ ಕ್ಲಾಸು. ಮನೆ ತುಂಬ ಬೆಳ್ಳುಳ್ಳಿ, ಮೆಣಸು, ಸಾಂಬ್ರಾಣಿಯ ವಾಸನೆ. ಗರಾಜಿನಲ್ಲಿ ನನಗೂ ಅವಳಿಗೂ ಕುಂಟೆಬಿಲ್ಲೆ; ಮೋಸ ಮಾಡುವುದರಲ್ಲಿ ಅವಳದೇ ಎತ್ತಿದ ಕೈ. ಮುಸ್ಸಂಜೆಯಾದರೆ ಆಟ ಬಂದ್. ದೀಪ ಹಚ್ಚುವ ಹೊತ್ತಿಗೆ ಯಾವ ಕೋಣೆಯೂ ಕತ್ತಲಲ್ಲಿರಬಾರದೆಂಬುದು ಅವಳ ನೇಮ. ಇಬ್ಬರೂ ಎಲ್ಲ ಲೈಟು ಹಾಕಿ, ಹೊರಗೆ ನಿಂತು ನೋಡುತ್ತಿದ್ದೆವು. ಅದೊಂದು ಬಿಟ್ಟು ಎಲ್ಲ ಕಿಟಕಿಗಳೂ ಬೆಳಗುತ್ತಿದ್ದವು.

“ಅದು ಫೇಕು, ಅಜ್ಜಿ.”

“ಕ್ವಾಣೆ ಇಲ್ದೆ ಯಾರಾದ್ರೂ ಕಿಟ್ಕಿ ಮಡಗ್ತಾರಾ ಕೂಸೇ? ಒಳಗಿರೋರು ಪಾಪ, ಕತ್ಲಲ್ಲಿ ಕುಂತವ್ರೆ.”

ಚಳಿಗಾಲಕ್ಕೆಂದು ಊರಿಗೆ ಊರೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ವಾರದಿಂದ ಕತ್ತಲೆ ಬೇಗ ಬರತೊಡಗಿತು. ಆಗಲೇ ತಮ್ಮನ ಅಳು ಶುರುವಾದದ್ದು. ಸಂಜೆಯಾದರೆ ಮೆಟ್ಟಿಲ ಮೇಲಿನ ಖಾಲಿ ಗೋಡೆಯನ್ನೇ, ಆ ಕಿಟಕಿಯ ಹಿಂಬದಿಯನ್ನೇ, ನೋಡುತ್ತ ಕಿರುಚುತ್ತಿದ್ದ. ಹಾಲು ಮುಟ್ಟುತ್ತಿರಲಿಲ್ಲ. ಡಾಕ್ಟರು ಹೊಟ್ಟೆನೋವು ಎಂದರು. ಮೈತೂಕ ಏರಲಿಲ್ಲ, ಅಮ್ಮನೂ ಅವನ ಜೊತೆ ಅಳತೊಡಗಿದಳು. ತಮ್ಮ ಉಳಿಯುವುದಿಲ್ಲವೇನೋ ಎಂದು ನನಗೆ ಭಯ. ಒಮ್ಮೆ ಆ ಗೋಡೆಗೆ ಕಿವಿಯಿಟ್ಟೆ. ಆಚೆ ಯಾರೋ ಬರಿಗಾಲಲ್ಲಿ ಮೆಲ್ಲಗೆ ನಡೆದಂತಿತ್ತು. ಪಕ್ಕದ ಮನೆಯವರಿರಬೇಕು ಎಂದುಕೊಂಡೆ. ಆದರೆ ಅದು ಬೀದಿಯ ಕಡೆಯ ಗೋಡೆ, ಅದರಾಚೆ ಮನೆಯೇ ಇರಲಿಲ್ಲ.

ಒಂದು ಸಂಜೆ ಅಜ್ಜಿ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಕಾದ ಬಾಣಲೆಗೆ ಸುರಿದಳು. ಘಾಟಿಗೆ ಸ್ಮೋಕ್ ಅಲಾರಾಂ ಅರಚಿತು. ಸಾಲಿನವರೆಲ್ಲ ಕೆಮ್ಮುತ್ತ ಹೊರಗೆ ಬಂದರು, ಫೈರ್ ಟ್ರಕ್ಕೂ ಬಂತು. ಅಪ್ಪನ ಮುಖ ಹುಳ್ಳಗಾಗಿತ್ತು.

ಫೈರ್‌ಮನ್ ಮನೆಯೆಲ್ಲ ನೋಡಿ ಬಂದು, ಮೇಲಕ್ಕೆ ಕೈ ತೋರಿಸಿ, ಆ ಕೋಣೆಯ ಬಾಗಿಲು ಎಲ್ಲಿ ಎಂದು ಕೇಳಿದ. ಅಪ್ಪ ವಿವರಿಸಿದರೂ ನಂಬದೆ ಏಣಿ ಹತ್ತಿ ಟಾರ್ಚು ಬಿಟ್ಟ. ಮೊದಲ ಸಲ ಆ ಕಿಟಕಿ ಬೆಳಗಿತು. ಅಜ್ಜಿಯ ತೋಳಲ್ಲಿದ್ದ ತಮ್ಮ ಅಲ್ಲಿಗೇ ಸುಮ್ಮನಾದ.

“ನೋಡ್ದಾ? ಅವ್ರಿಗೂ ಬೆಳಕು ಬೇಕಾಗಿತ್ತು,” ಎಂದಳು ಅಜ್ಜಿ.

“ಅದು ಬರೀ ಹಲಗೆ, ಅತ್ತೆ,” ಎಂದರು ಅಪ್ಪ.

ಕೆಳಗಿಳಿದ ಫೈರ್‌ಮನ್ ಕೂಡ ಅದನ್ನೇ ಹೇಳಿದ. ಆದರೆ ಟ್ರಕ್ಕು ಹತ್ತುವವರೆಗೂ ತಿರುಗಿ ತಿರುಗಿ ಮೇಲೆ ನೋಡುತ್ತಿದ್ದ.

ಮರುದಿನ ಅಪ್ಪ ಆ ಕಿಟಕಿಯ ಮೇಲೊಂದು ಬಲ್ಬು ಸಿಕ್ಕಿಸಿದರು. ಸಾಲಿನ ಅಂದ ಕೆಟ್ಟಿತೆಂದು ಅಸೋಸಿಯೇಷನ್‌ನವರು ಗೊಣಗಿದರು. ತಮ್ಮ ಹಾಲು ಕುಡಿಯತೊಡಗಿದ, ಮೈ ತುಂಬಿಕೊಂಡ. ವೀಸಾ ಮುಗಿದು ಅಜ್ಜಿ ಹೊರಟಳು. ಮತ್ತೆ ಅವಳನ್ನು ನೋಡುವ ಭಾಗ್ಯ ನಮಗಿರಲಿಲ್ಲ.

ಈಗ ತಮ್ಮ ಪಾಲೋ ಆಲ್ಟೋದಲ್ಲಿ ಕೆಲಸಕ್ಕಿದ್ದಾನೆ. ನನ್ನ ಮನೆಯ ಲೈಟುಗಳು ಹೊತ್ತಿಗೆ ಸರಿಯಾಗಿ ತಾವೇ ಹತ್ತುತ್ತವೆ. ಆದರೂ ಎಲ್ಲಾದರೂ ಕತ್ತಲ ಕಿಟಕಿ ಕಂಡರೆ ಬೇಗ ದಾಟಿಹೋಗುತ್ತೇನೆ. ಅಜ್ಜಿ ಹಾಗಲ್ಲ, ನಿಂತು ನೋಡುತ್ತಿದ್ದಳು. ಒಳಗೆ ಯಾರೋ ಇದ್ದಾರೆಂದು ಅವಳೂ ನಂಬಿದ್ದಳು, ನಾನೂ ನಂಬುತ್ತೇನೆ. ಅವಳಿಗೆ ಅವರ ಮೇಲೆ ಕನಿಕರವಿತ್ತು. ನನ್ನಲ್ಲಿ ಉಳಿದಿರುವುದು ಹೆದರಿಕೆ ಮಾತ್ರ.