ಸುನ್ನ ಅಂದರೆ ಸೊನ್ನೆ

ಉಸ್ತಾದರು ಮೆಟ್ಟಿಲು ಹತ್ತಿದರೆ ಅವರ ಎಡಮೊಣಕಾಲು ಶೇಂಗಾ ಸುಲಿದ ಹಾಗೆ ಚಟಚಟ ಅನ್ನುತ್ತಿತ್ತು. ದೊಡ್ಡ ಶಹರದ ಕ್ಲಬ್ಬಿಗೆ ಆರು ವರ್ಷ ಫುಟ್‌ಬಾಲ್ ಆಡಿ, ಕಾಲು ಕೆಟ್ಟ ಮೇಲೆ ಬೀದರಿಗೆ ಮರಳಿದವರು. ಹಗಲೆಲ್ಲ ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿ ಚೀಲಗಳ ಬಾಯಿ ಹೊಲಿಯುವುದು, ಸಂಜೆ ನಮ್ಮಂಥ ಕಾಲೇಜು ಹುಡುಗಿಯರಿಗೆ ಆಟ ಕಲಿಸುವುದು. ಬೈಯುವುದರಲ್ಲಿ ಕಂಜೂಸಿ ಮಾಡಿದವರಲ್ಲ. ಪಾಸ್ ತಪ್ಪಿದರೆ, "ದೂರ ನಿಂತು ನಾಚಲಿಕ್ಕಿ ಚೆಂಡೇನು ನಿನ್ನ ಮಾವನಾ?" ಅನ್ನುತ್ತಿದ್ದರು.

ಭಾಲ್ಕಿಯಲ್ಲಿ ಫೈನಲ್ ಇತ್ತು. ಹಿಂದಿನ ದಿನ ನಮಗೆ ಹುರುಪು ಬರಲೆಂದು ಸಂಘಟಕರು ಫುಟ್‌ಬಾಲಿನದೊಂದು ಸಿನಿಮಾ ತೋರಿಸಿದರು. ಹೀರೊ ಮೊಣಕಾಲಿಗೆ ಸೂಜಿ ಹಾಕಿಸಿಕೊಂಡು ಬಂದು ಕೊನೆಯ ಗೋಲು ಹೊಡೆದ. ನಾವು ಸೀಟಿ ಹೊಡೆದೆವು. ಸಿನಿಮಾ ಮುಗಿದದ್ದೇ ಉಸ್ತಾದರು ಪರದೆಯ ಮುಂದೆ ಹೋಗಿ ನಿಂತು, ಪ್ಯಾಂಟು ಮೇಲೇರಿಸಿ ತಮ್ಮ ಮೊಣಕಾಲಿನ ಹೊಲಿಗೆಗಳನ್ನು ತೋರಿಸಿದರು.

"ಸಿನಿಮಾದವರು ಗೋಲಿಗಿ ಮುಗಸ್ಯಾರ. ಮುಂದಿಂದು ಇಲ್ಲಿ ಅದ, ನೋಡ್ರಿ."

ಮರುದಿನ ನೋಡಿದರೆ ನನ್ನ ಮೊಣಕಾಲೇ ಊದಿತ್ತು. ಅವತ್ತು ದೊಡ್ಡ ಕ್ಲಬ್ಬೊಂದರವರು ನನ್ನ ಆಟ ನೋಡಲೆಂದೇ ಬಂದಿದ್ದರು. ಸಂಘಟಕರೊಬ್ಬರು ಕಂಪೌಂಡರನನ್ನು ಕರೆತಂದು, "ಒಂದೇ ಸೂಜಿ ಉಸ್ತಾದ. ಕಾಲು ಸುನ್ನ ಆಗ್ತದ, ನೋವು ಗೊತ್ತಾಗಂಗಿಲ್ಲ" ಅಂದರು. ನಮ್ಮ ಕಡೆ ಮರಗಟ್ಟುವುದಕ್ಕೆ ಸುನ್ನ ಅನ್ನುತ್ತಾರೆ.

"ಆಕಡಿ ತೆಲುಗಿನ್ಯಾಗ ಸುನ್ನ ಅಂದ್ರ ಸೊನ್ನಿರಿ," ಅಂದರು ಉಸ್ತಾದರು. "ನಮ್ಮ ಕ್ಲಬ್ಬಿನವರು ನನ್ನ ಕಾಲು ಸುನ್ನ ಮಾಡಿ ಮಾಡಿ, ಕಡೀಗಿ ನನ್ನೇ ಸೊನ್ನಿ ಮಾಡಿ ಕಳಿಸಿದ್ರು. ಈ ಹುಡುಗಿಗಿ ಹಂಗ ಮಾಡಗೊಡಂಗಿಲ್ಲ."

ಆಡಲು ಬಿಡಿರೆಂದು ನಾನು ಅತ್ತು ಕೈಮುಗಿದೆ. ಅವರು ನೆಲದ ಮೇಲೆ ಕೂತು ನನ್ನ ಬೂಟಿನ ಲೇಸು ಬಿಚ್ಚಿ, ಬೂಟುಗಳನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ನಮ್ಮ ತಂಡ ಸೋತಿತು, ಕ್ಲಬ್ಬಿನವರು ಎದ್ದು ಹೋದರು. ತಿಂಗಳುಗಟ್ಟಲೆ ನಾನು ಉಸ್ತಾದರ ಮುಖ ನೋಡಲಿಲ್ಲ. ಆ ಸಿಟ್ಟಿಗೆ ಈಗ ನಾಚಿಕೆಯಾಗುತ್ತದೆ.

ಹೋದ ವರ್ಷ ಅವರು ತೀರಿಕೊಂಡರು. ಬದುಕಿದ್ದಾಗ ಹ್ಯಾಂಗಿದ್ದೀರೆಂದು ಕೇಳದ ಹಳೆಯ ಕ್ಲಬ್ಬಿಗೆ ಈಗ ಅವರ ಮೇಲೆ ಸಣ್ಣದೊಂದು ಸಿನಿಮಾ ಮಾಡುವ ಆಸೆ. ಕ್ಲಬ್ಬಿನಿಂದ ಬಂದ ಫೋನನ್ನು ಅವರ ಹೆಂಡತಿ ನನ್ನ ಕೈಗೆ ಕೊಟ್ಟರು. "ಗೋಲು ಹೊಡೆಯುತ್ತಿರುವ ಫೋಟೊಗಳಷ್ಟೇ ಸಾಕು ಮೇಡಂ," ಅಂದಿತು ಆ ಕಡೆಯ ದನಿ.

"ಕಾಲು ಹೋದ ಮ್ಯಾಲಿನವೂ ಹಾಕ್ರಿ. ಇಲ್ಲಂದ್ರ ಒಂದೂ ಕೊಡಂಗಿಲ್ಲರಿ."

ಅವು ಬೇಡವಂತೆ. ಫೋಟೊಗಳು ನನ್ನ ಹತ್ತಿರವೇ ಇವೆ. ನಾನೀಗ ಔರಾದದ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ನಲವತ್ತು ದಾಟಿದೆ, ಮೊಣಕಾಲು ಚಟಚಟ ಅನ್ನುವುದಿಲ್ಲ, ಇವತ್ತಿಗೂ ಹುಡುಗಿಯರ ಮುಂದೆ ಮುಂದೆ ಓಡುತ್ತೇನೆ. ಉಸ್ತಾದರ ಸಿನಿಮಾ ತೆಗೆಯುವವರು ಬಂದು ಈ ಓಟವನ್ನು ತೆಗೆಯಲಿ.