ಅರ್ಧ ಗಂಟೆಯ ನಿದ್ದೆ

ನಮ್ಮ ಸೋದರಮಾವ ಕ್ರೈಸ್ತ ಸಭೆಯ ಬೋಧಕನಾಗುವ ಮೊದಲು ಇಟ್ಟಿಗೆ ಕೊಯ್ಯುತ್ತಿದ್ದ. ಮಣ್ಣು ತುಳಿದು, ಅಚ್ಚಿಗೆ ಬಡಿದು, ಹಸಿ ಇಟ್ಟಿಗೆಯನ್ನು ಬಯಲಲ್ಲಿ ಸಾಲಾಗಿ ಒಣಗಲು ಬಿಡುವುದು ಅವನ ಕೆಲಸ. ಒಣಗಿದ್ದನ್ನು ತಲೆಯ ಮೇಲೆ ಹೊತ್ತು ಸುಡುವ ಗೂಡಿಗೆ ಸಾಗಿಸುವುದು ಅವನ ಅಕ್ಕನ, ಅಂದರೆ ನಮ್ಮಮ್ಮನ ಕೆಲಸ. ನಾನು ಹುಟ್ಟುವುದಕ್ಕೂ ಮುಂಚಿನ ಮಾತಿದು. ಅಮ್ಮ ಇದನ್ನು ನೂರು ಸಲ ಹೇಳಿದ್ದಾಳೆ, ನೂರು ಸಲವೂ ಬೈದುಕೊಂಡೇ. ಅವಳು ನಿದ್ದೆಯಲ್ಲಿದ್ದ ಭಾಗವನ್ನು ಮಾತ್ರ ಮಾವ ತುಂಬಿಕೊಟ್ಟಿದ್ದಾನೆ.

ಅವರ ಅಪ್ಪ ಅಮ್ಮ ಒಂದೇ ವಾರದಲ್ಲಿ ಜ್ವರಕ್ಕೆ ಬಲಿಯಾದಾಗ ಮಾವನಿಗೆ ಐದು ವರ್ಷ, ಅಮ್ಮನಿಗೆ ಹನ್ನೆರಡು. ಅಂದು ಅಮ್ಮನ ತಲೆಗೇರಿದ ಹೊರೆಯ ಸಿಂಬಿ ಊಟಕ್ಕೆ ಮತ್ತು ಪ್ರಾರ್ಥನೆಗೆ ಮಾತ್ರ ಇಳಿಯುತ್ತಿತ್ತು. ತಮ್ಮನಿಗೆ ಊರಿನ ಮುದಿ ಉಪದೇಶಿ ಓದು ಕಲಿಸಿದ. ಬೋಧನೆಯ ಹುಚ್ಚನ್ನೂ ಅವನೇ ಹಿಡಿಸಿದ. ಕೇಳುವವರಿಲ್ಲದ ಮಾವ ಹಸಿ ಇಟ್ಟಿಗೆಯ ಸಾಲಿನ ಮುಂದೆ ನಿಂತು ಪ್ರಸಂಗ ಮಾಡುತ್ತಿದ್ದ. ಜನ ಅವನಿಗೆ ಇಟ್ಟಿಗೆ ಪಾದ್ರಿ ಎಂದು ಹೆಸರಿಟ್ಟರು.

"ಇವನ ಮಾತು ಕೇಳಿ ಎದ್ದು ಹೋಗದೆ ಇರೋದು ಇಟ್ಟಿಗೆ ಮಾತ್ರ," ಎಂದು ಗೂಡಿನ ಮೇಸ್ತ್ರಿ ನಗುತ್ತಿದ್ದ.

ಅಮ್ಮನಿಗೆ ಇಪ್ಪತ್ತೈದು ತುಂಬುವಷ್ಟರಲ್ಲಿ ಕತ್ತು ಸವೆದಿತ್ತು, ಬಲಗೈ ಜೋಮು ಹಿಡಿಯುತ್ತಿತ್ತು. ಹೊರೆ ಬಿಡದಿದ್ದರೆ ಕೈ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಬಿಡುವುದು ಹೇಗೆ? ಗೂಡಿನ ಧಣಿ ಕೊಟ್ಟಿದ್ದ ಕೋಣೆ ಇಬ್ಬರೂ ದುಡಿದರೆ ಮಾತ್ರ. ಅದೇ ಹೊತ್ತಿಗೆ ಪಕ್ಕದ ಊರಿನ ಸಭೆಗೆ ಬೋಧಕ ಬೇಕಾಗಿದ್ದ. ಅಲ್ಲಿನ ಚರ್ಚಿನ ಗುಡಿಯ ಹಿಂದೆ ಎರಡು ಕೋಣೆ, ತಿಂಗಳ ಸಂಬಳ. ತಮ್ಮೂರಿನ ಗುಡಿಯಲ್ಲೇ ದೊಡ್ಡ ಪಾದ್ರಿಯವರ ಮುಂದೆ ಒಂದು ಪರೀಕ್ಷೆಯ ಪ್ರಸಂಗ ಮಾಡಿ ಗೆದ್ದರೆ ಸಾಕು, ಅಮ್ಮನ ಸಿಂಬಿ ಮೂಲೆಗೆ ಬೀಳುತ್ತಿತ್ತು.

ಪಾದ್ರಿಯವರು ಕೊಟ್ಟ ವಿಷಯ, ದಣಿದವರಿಗೆ ದೇವರು ಕೊಡುವ ವಿಶ್ರಾಂತಿ. ಮಾವ ಒಂದು ತಿಂಗಳು ಇಟ್ಟಿಗೆಗಳಿಗೆ ಅದನ್ನೇ ಉಪದೇಶಿಸಿದ.

ಪರೀಕ್ಷೆಯ ಹಿಂದಿನ ದಿನ, ಶನಿವಾರ ಸಂಜೆ, ಮೋಡ ಕವಿಯಿತು. ಹಸಿ ಇಟ್ಟಿಗೆಗೆ ಮಳೆ ತಾಗಿದರೆ ಮತ್ತೆ ಮಣ್ಣೇ. ಗೂಡಿನವರೆಲ್ಲ ಬೆಳಗಾಗುವವರೆಗೂ ಇಟ್ಟಿಗೆ ಹೊತ್ತು ಚಪ್ಪರದ ಕೆಳಗೆ ಸೇರಿಸಿದರು. ಮಳೆ ಬರಲೇ ಇಲ್ಲ. ಮುಖ ತೊಳೆದು ನೇರವಾಗಿ ಗುಡಿಗೆ ಬಂದು ಬೆಂಚುಗಳ ಮೇಲೆ ಕುಸಿದು ಕೂತರು.

ಹಿಂದಿನ ಬೆಂಚಿನಲ್ಲಿ ದೊಡ್ಡ ಪಾದ್ರಿಯವರು ಪುಸ್ತಕ ಬಿಚ್ಚಿ ಕೂತಿದ್ದರು. ಅವರು ನೋಡುತ್ತಿದ್ದದ್ದು ಬೋಧಕನನ್ನಲ್ಲ, ಜನರನ್ನು. ಮಾವ ಬಾಯಿ ತೆರೆದು ಐದು ನಿಮಿಷ ಆಗಿರಲಿಲ್ಲ, ಮೇಸ್ತ್ರಿಯ ಗದ್ದ ಎದೆಗೆ ತಾಗಿತು. ಆಮೇಲೆ ಒಬ್ಬೊಬ್ಬರೇ. ಮಾವ ಧ್ವನಿ ಏರಿಸಿದ, ಇಬ್ಬರು ಬೆಚ್ಚಿ ಕಣ್ಣು ಬಿಟ್ಟರು. ಇನ್ನೊಂದು ಕೂಗು ಹಾಕಿದ್ದರೆ ಎಲ್ಲರೂ ಏಳುತ್ತಿದ್ದರು. ಅಷ್ಟರಲ್ಲಿ ಅವನ ಕಣ್ಣು ಮುಂದಿನ ಬೆಂಚಿಗೆ ಹೋಯಿತು. ಅಮ್ಮ ಗೋಡೆಗೆ ಒರಗಿ, ಬಾಯಿ ತುಸು ತೆರೆದು, ಮಲಗಿಬಿಟ್ಟಿದ್ದಳು. ಅಕ್ಕ ಹಗಲಲ್ಲಿ ಮಲಗಿದ್ದನ್ನು ಮಾವ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅವನ ಧ್ವನಿ ತಾನಾಗಿ ಇಳಿಯಿತು. ಉಳಿದ ಅರ್ಧ ಗಂಟೆಯ ಪ್ರಸಂಗವನ್ನು ಅವನು ಪಿಸುಮಾತಿನಲ್ಲಿ ಮುಗಿಸಿದ.

"ಯಾಕಪ್ಪಾ ಎಬ್ಬಿಸಲಿಲ್ಲ?" ಎಂದು ದೊಡ್ಡ ಪಾದ್ರಿಯವರು ಹೊರಗೆ ಕರೆದು ಕೇಳಿದರು.

"ಮನಸ್ಸಾಗಲಿಲ್ಲ ಅಯ್ಯನೋರೇ."

"ಒಳ್ಳೆ ಮನಸ್ಸು. ಆದ್ರೆ ಈ ಸಭೆನ ಮಲಗಿಸಿದವನಿಗೆ ಇನ್ನೊಂದು ಸಭೆ ಹೇಗಪ್ಪಾ ಕೊಡ್ಲಿ? ಮುಂದಿನ ವರ್ಷ ಬಾ." ಅವರು ಕೆಟ್ಟವರಲ್ಲ, ನಿಯಮದವರು.

ಎಚ್ಚರವಾದ ಅಮ್ಮ ಓಡಿ ಬಂದಳು. "ಏನಂದ್ರೋ?"

ಮಾವ ನಡೆದದ್ದೆಲ್ಲ ಹೇಳಿದ. ಅಕ್ಕ ಕಣ್ಣೀರು ಹಾಕಿ ತಲೆ ಸವರುತ್ತಾಳೆ ಅಂದುಕೊಂಡಿದ್ದನಂತೆ, ಪಾಪ.

"ನಿನ್ನ ಕರುಣೆಗಿಷ್ಟು ಬೆಂಕಿ ಬೀಳ!" ಎಂದಳು ಅಮ್ಮ. "ಒಂದು ಕೂಗು ಹಾಕೋಕೆ ಏನೋ ಬಂದಿತ್ತು ನಿನಗೆ? ಅರ್ಧ ಗಂಟೆ ನಿದ್ದೆ ಕೊಟ್ಟು ಒಂದು ವರ್ಷ ಹೊರೆ ಹೊರಿಸಿದ್ಯಲ್ಲೋ!"

ಸೋಮವಾರ ಇಬ್ಬರೂ ಚಪ್ಪರದ ಕೆಳಗಿನ ಇಟ್ಟಿಗೆಗಳನ್ನೆಲ್ಲ ಮತ್ತೆ ಬಿಸಿಲಿಗೆ ಹೊತ್ತರು.

ಮರುವರ್ಷ ಮಾವ ಗುಡಿಯ ಹೆಂಚು ಹಾರುವಂತೆ ಕಿರುಚಿ ಗೆದ್ದ. ಎರಡು ಕೋಣೆ ಬಂದವು. ಅಷ್ಟರಲ್ಲಿ ಅಮ್ಮನ ಬಲಗೈ ಒಂದು ಲೋಟವನ್ನೂ ಹಿಡಿಯದಂತಾಗಿತ್ತು. ನನಗೆ ಮಾವನ ಮೇಲೆ ಈಗಲೂ ಸಿಟ್ಟಿದೆ. ಅವನ ಜಾಗದಲ್ಲಿ ನಿಂತಿದ್ದರೆ ನಾನು ಕೂಗುತ್ತಿದ್ದೆನೇ ಎಂದು ಕೇಳಿದರೆ ಗೊತ್ತಿಲ್ಲ.

ಅಮ್ಮ ಒಂದೇ ಒಂದು ಸಲ, ನನ್ನ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಾ, ಬೈಯದೆ ಹೇಳಿದ್ದಳು: "ಅಂಥ ನಿದ್ದೆ ಆಮೇಲೆ ಬರಲೇ ಇಲ್ಲ ಕಣೇ."

ಇಂದಿಗೂ ಸಭೆಯಲ್ಲಿ ಯಾರಾದರೂ ತೂಕಡಿಸಿದರೆ ಮಾವನ ಧ್ವನಿ ಮೆಲ್ಲಗೆ ಇಳಿಯುತ್ತದೆ. ಆಗ ಮುಂದಿನ ಸಾಲಿನಲ್ಲಿ ಕೂತ ಅಮ್ಮ ಎಡಗೈಯಿಂದ ಬೆಂಚು ಬಡಿಯುತ್ತಾಳೆ.